ಮಿಡಿ ಕಾಣದ ಭರಣಿ

ಸಾಗರದ ಚಿಕ್ಕಮ್ಮನ ಮನೆಯ ಅಟ್ಟದಲ್ಲಿ ಭರಣಿಗಳದ್ದೇ ಒಂದು ಸಂಸಾರ. ಹೆಗಲವರೆಗೆ ಬಿಳಿ, ಅಲ್ಲಿಂದ ಮೇಲೆ ಕಂದು. ಬಾಯಿಗೆ ಬಟ್ಟೆ ಬಿಗಿಸಿಕೊಂಡು, ಹೊಟ್ಟೆ ತುಂಬ ಅಪ್ಪೆಮಿಡಿ ಇಟ್ಟುಕೊಂಡು ಕೂತಿರುತ್ತವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಮಿಡಿಯ ಭಾಗ್ಯ ಬರಲಿಲ್ಲ. ಕುತ್ತಿಗೆಯ ಒಳಗಡೆ ನಾಲ್ಕಾಣೆಯಷ್ಟಗಲ ಗ್ಲೇಜ್ ಎಂಬ ಗಾಜಿನಂಥ ಲೇಪವಿಲ್ಲದೆ ಮೈ ಬರಿದಾಗಿತ್ತು, ಬೆರಳಾಡಿಸಿದರೆ ತರಿತರಿ. ಕಡಿಮೆಗೆ ಸಿಕ್ಕಿತೆಂದು ಚಿಕ್ಕಪ್ಪ ಸಂತೆಯಿಂದ ತಂದದ್ದಂತೆ. "ಅಲ್ಲಿ ಬೂಸ್ಟು ಹಿಡೀತದೆ" ಎಂದು ಚಿಕ್ಕಮ್ಮ ಅದಕ್ಕೆ ಹುರುಳಿ ತುಂಬಿಸಿಟ್ಟಿದ್ದರು. ನಾನು ಬೆಂಗಳೂರಲ್ಲಿ ಭಾನುವಾರದ ಕುಂಬಾರಿಕೆ ತರಗತಿಗೆ ಹೋಗುತ್ತೇನೆಂದು ತಿಳಿದದ್ದೇ ತಡ, "ಅದೇನೋ ಬಳಿದು ಇನ್ನೊಂದು ಸಲ ಸುಟ್ಟುಕೊಡು ಮಾರಾಯ" ಎಂದರು.

ನಮ್ಮೂರ ಕುಂಬಾರರು ಕೇಳಿದ್ದರೆ ನಗುತ್ತಿದ್ದರು. ಆವಿಗೆಯಿಂದ ಹೊರಬಂದ ಮಡಕೆಯದು ಅಲ್ಲಿಗೇ ತೀರ್ಮಾನ: ಬಡಿದಾಗ ಸದ್ದು ಸರಿಯಿದ್ದರೆ ಸಂತೆಗೆ, ಸೀಳಿದ್ದರೆ ಬೋಕಿ. ಗ್ಲೇಜಿನ ಗೊಡವೆ ಅವರಿಗಿರಲಿಲ್ಲ. ಹಳೆಯ ಗ್ಲೇಜ್ ನೋಡಬೇಕೆಂದರೆ ಬೀದರಿಗೆ ಹೋಗಿ, 1472ರ ಮಹಮೂದ್ ಗವಾನ್ ಮದರಸದ ಗೋಡೆಯಲ್ಲಿ ಅಳಿದುಳಿದ ಹಂಚುಗಳನ್ನು ನೋಡಬೇಕು.

ಭರಣಿಯ ವಂಶಾವಳಿಯೇ ಬೇರೆ. ಜರ್ಮನಿಯ ರೈನ್ ನದಿಯ ಆಸುಪಾಸಿನ ಕುಂಬಾರರು ನಿಗಿನಿಗಿ ಕಾದ ಭಟ್ಟಿಯೊಳಕ್ಕೆ ಉಪ್ಪು ಎರಚುತ್ತಿದ್ದರು. ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕಾವನ್ನು ಕೂಡಿಕೊಂಡು ಜಾಡಿಯ ಮೈಮೇಲೆ ಗಾಜಾಗುತ್ತಿತ್ತು. ಇಂಥ ಗಟ್ಟಿ ಜಾಡಿ ಮಾಡಲು ಇಂಗ್ಲೆಂಡಿನಲ್ಲಿ ಜಾನ್ ಡ್ವೈಟ್ 1672ರಲ್ಲಿ ಪೇಟೆಂಟ್ ಪಡೆದ. 1835ರ ಸುಮಾರಿಗೆ ಬ್ರಿಸ್ಟಲ್‌ನ ವಿಲಿಯಂ ಪವೆಲ್ ಉಪ್ಪಿನ ಹಂಗೇ ಇಲ್ಲದ, ಅದ್ದಿ ತೆಗೆಯುವ ಗ್ಲೇಜ್ ಬಳಕೆಗೆ ತಂದ. ಕೆಳಗೆ ಬಿಳಿ, ಮೇಲೆ ಕಂದು ಎಂಬ ವೇಷ ಅಲ್ಲಿ ರೂಢಿಯಾಯಿತು. ನಮ್ಮ ಅಟ್ಟದವರೂ ಅದೇ ವೇಷದವರು.

ಮೈ ಬರಿದಾಗುವುದಕ್ಕೆ ಕಾರಣ ಬಹಳ ಸಣ್ಣದು. ಗ್ಲೇಜ್ ಬಳಿಯುವ ಮೊದಲು ಅಲ್ಲಿ ದೂಳೋ ಎಣ್ಣೆಯ ಕೈಯೋ ತಗುಲಿದ್ದರೆ, ಕರಗಿದ ಗ್ಲೇಜ್ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಆ ಜಾಗ ಬಿಟ್ಟು ಸರಿದುಕೊಳ್ಳುತ್ತದೆ. ಸರಿಪಡಿಸುವುದು ಅಷ್ಟು ಸಲೀಸಲ್ಲ. ಒಂದೇ ಸಲ ಹದವಾಗಿ ಸುಟ್ಟ ಮಣ್ಣು ನೀರು ಕುಡಿಯುತ್ತದೆ, ಬಳಿದದ್ದು ಹಿಡಿಯುತ್ತದೆ. 1200 ಡಿಗ್ರಿ ದಾಟಿ ಬಂದ ಭರಣಿಗೆ ಬಾಯಾರಿಕೆಯೇ ಇಲ್ಲ; ಹಚ್ಚಿದ್ದೆಲ್ಲ ಜಾರಿ ತಳ ಸೇರುತ್ತದೆ. ಅದಕ್ಕೇ ಅದನ್ನು ಕೈಸುಡುವಷ್ಟು ಬಿಸಿ ಮಾಡಿದೆವು. ಗ್ಲೇಜಿನ ಮೇಲಿನ ತಿಳಿನೀರು ಬಸಿದು, ಚೂರು ಅಂಟು ಬೆರೆಸಿ, ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಮತ್ತೆ ಹಚ್ಚಿದೆವು. ಚುರುಗುಟ್ಟುತ್ತ ಒಣಗುತ್ತಿತ್ತು.

ಕಲಿಸುವ ಮೇಡಂ ಸೀಸವಿಲ್ಲದ, 1100 ಡಿಗ್ರಿಗೇ ಕರಗುವ ಗ್ಲೇಜ್ ಆರಿಸಿದ್ದರು. ಹಳೆಯ ಶಾಖಕ್ಕೇ ಮತ್ತೆ ಏರಿಸಿದರೆ ಮಣ್ಣಿನೊಳಗೆ ಗಾಳಿಗುಳ್ಳೆ ಎದ್ದು ಭರಣಿಯ ಹೊಟ್ಟೆ ಉಬ್ಬಬಹುದು, ಕಂದು ಬಣ್ಣ ಇಳಿಯಬಹುದು. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಹರಳು ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಆ ಗಡಿಯನ್ನು ಹತ್ತುವಾಗಲೂ ಇಳಿಯುವಾಗಲೂ ನಿಧಾನವಾಗಿ ದಾಟಿಸಬೇಕು, ಇಲ್ಲದಿದ್ದರೆ ಟಣ್ ಎಂದು ಬಿರುಕು.

ಭರಣಿ ಬಿರಿಯಲಿಲ್ಲ. ಆದರೆ ತೇಪೆ ತೇಪೆಯಾಗಿಯೇ ಕಾಣುತ್ತದೆ: ಸುತ್ತ ದಂತದ ಬಣ್ಣ, ನಡುವೆ ಹಾಲುಬಿಳುಪು, ಅಂಚಿನಲ್ಲಿ ಕೂದಲೆಳೆಯ ದಿಣ್ಣೆ. ಚಿಕ್ಕಮ್ಮ ಒಳಗೆ ಬೆರಳಾಡಿಸಿ, "ನುಣ್ಣಗಿದೆ, ಸಾಕು. ನೋಡೋರ್ಯಾರು ಒಳಗೆ?" ಎಂದವರೇ ಹುರುಳಿಗೆ ಡಬ್ಬಿ ಹುಡುಕಲು ಹೋದರು.

ಸುದ್ದಿ ಹಬ್ಬಿ ಈಗ ನೆಂಟರೆಲ್ಲ ತಂತಮ್ಮ ಭರಣಿ ಹೊರಗೆ ತೆಗೆಯುತ್ತಿದ್ದಾರೆ. ಅವರಲ್ಲಿ ಒಂದೇ ವಿನಂತಿ: ಉಪ್ಪಿನಕಾಯಿ ಕಂಡ ಭರಣಿ ದಯವಿಟ್ಟು ತರಬೇಡಿ. ಸಣ್ಣ ಬಿರುಕುಗಳಲ್ಲಿ ಇಳಿದು ಕೂತ ಉಪ್ಪು ಭಟ್ಟಿಯಲ್ಲಿ ಆವಿಯಾಗಿ ಎದ್ದು, ರೈನ್ ತೀರದ ಕೆಲಸವನ್ನೇ ಶುರುಮಾಡುತ್ತದೆ. ಪಕ್ಕದವರ ಪಾತ್ರೆಯೂ ಕೆಡುತ್ತದೆ, ಭಟ್ಟಿಯೂ ಕೆಡುತ್ತದೆ.