ಪುಸ್ತಕದ ನಗು ತೆರೆಯ ಮೇಲೆ

ಕಾದಂಬರಿ ಆಧಾರಿತ ಚಿತ್ರ ಅಂದರೆ ಕಣ್ಣೀರು, ಹಾಸ್ಯಚಿತ್ರ ಅಂದರೆ ಹೊತ್ತು ಕಳೆಯುವ ದಾರಿ. ಇಂಥ ಒಂದು ವಿಂಗಡಣೆ ನಮ್ಮಲ್ಲಿ ಎಂದಿನಿಂದಲೋ ಗಟ್ಟಿಯಾಗಿ ಕೂತಿದೆ. ನಾನು ಅದನ್ನು ಒಪ್ಪುವವನಲ್ಲ. ನನ್ನನ್ನು ಮನಸಾರೆ ನಗಿಸಿದ ಕನ್ನಡ ಚಿತ್ರಗಳಲ್ಲಿ ಹಲವು ಪುಸ್ತಕದಿಂದ ಎದ್ದು ಬಂದವು. ಹಾಗಾಗಿ ಕಥೆಯೊಂದು ತೆರೆಗೆ ಬಂದಾಗ ನಾನು ಮೊದಲು ಹುಡುಕುವುದು ಬರೆದವರ ನಗು ಉಳಿದಿದೆಯೇ ಎಂಬುದನ್ನು. ಘಟನೆ ಬದಲಾಗಲಿ, ಕೊನೆ ಬೇರೆಯಾಗಲಿ, ಚಿಂತೆಯಿಲ್ಲ. ವೈದೇಹಿಯವರ ಕಥೆಯಲ್ಲಿ ಊರಿಗೆ ಬಂದದ್ದು ಟಾಕೀಸು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ (2008) ಬಂದದ್ದು ಬಣ್ಣದ ಟಿವಿ. ಆದರೂ ಹೆಂಗಸರು ಒಟ್ಟಾಗಿ ಕೂತು ನೋಡುವ ಆ ಹುರುಪು, ಆ ಪಿಸುಮಾತು, ಆ ಕಿಸಕ್ಕನೆಯ ನಗು ಉಳಿದಿವೆ. ನನಗೆ ಅಷ್ಟು ಸಾಕು.

ನಗುವಿಗೆ ನಮ್ಮ ದಾಂಡೇಲಿಯಷ್ಟು ಕಠಿಣ ಪರೀಕ್ಷೆ ಬೇರೆ ಕಡೆ ಸಿಗಲಿಕ್ಕಿಲ್ಲ. 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಹುಟ್ಟಿದ ಮೇಲೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನ ಇಲ್ಲಿಯವರು. ಒಂದೇ ಸಾಲಿನ ಮನೆಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು, ತೆಲುಗು. ಬರೀ ಮಾತಿನ ಚಮತ್ಕಾರ ನಂಬಿದ ಹಾಸ್ಯ ಮೂರನೇ ಮನೆಗೆ ತಲುಪುವಷ್ಟರಲ್ಲಿ ಸತ್ತುಹೋಗುತ್ತದೆ. ಆದರೆ ‘ಗಣೇಶನ ಮದುವೆ’ (1990) ಟಿವಿಯಲ್ಲಿ ಬಂದಾಗ ಪೂರಾ ಸಾಲು ಒಂದೇ ಸಲ ನಕ್ಕದ್ದನ್ನು ನಾನು ಕೇಳಿದ್ದೇನೆ. ವಠಾರದಲ್ಲಿ ದಿನಾ ಜಗಳವಾಡುವ ಹುಡುಗಿಯೇ ತಾನು ಪತ್ರ ಬರೆದು ಮನಸ್ಸು ಕೊಟ್ಟ ಗಾಯಕಿ ಎಂದು ಗಣೇಶನಿಗೆ ಗೊತ್ತಿಲ್ಲ. ಪಕ್ಕದ ಮನೆಯ ಮಾವಶಿಗೆ ಕನ್ನಡ ಅರ್ಧಂಬರ್ಧ. ಆದರೂ ಅವರಿಗೆ ತಡೆಯಲಾಗದೆ, “ಆ ಪೋರಿ ಇಕೀನೇ ಅಂತ ಅವಗ ಯಾರರೆ ಹೇಳ್ರೋ!” ಎಂದು ಕೂಗಿದ್ದರು. ಫಣಿ ರಾಮಚಂದ್ರ ನಗೆಯನ್ನು ಸನ್ನಿವೇಶದ ಒಳಗೇ ಕಟ್ಟಿದ್ದರು, ಮಾತು ಅದಕ್ಕೆ ಒಗ್ಗರಣೆ ಮಾತ್ರ. ಲುಬಿಟ್ಷ್‌ನ ‘ದಿ ಶಾಪ್ ಅರೌಂಡ್ ದ ಕಾರ್ನರ್’ (1940) ನೋಡಿದಾಗ ಅಲ್ಲೂ ಅಂಥದೇ ಎಳೆ ಕಂಡು ಖುಷಿಪಟ್ಟೆ. ಎದುರೆದುರು ಕಚ್ಚಾಡುವ ಇಬ್ಬರು ಪತ್ರದಲ್ಲಿ ಪ್ರೀತಿಸುತ್ತಾರೆ. ಅದೂ ಒಂದು ಹಂಗೇರಿಯನ್ ನಾಟಕದಿಂದ ಬಂದ ಚಿತ್ರವೇ.

ಆ ಗಣೇಶನಾದ ಅನಂತನಾಗ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬಾಲ್ಯದ ಕೆಲವು ವರ್ಷಗಳನ್ನು ನಮ್ಮ ಜಿಲ್ಲೆಯ ಶಿರಾಲಿಯಲ್ಲಿ ಕಳೆದವರು ಅವರು. ನಗಿಸುವಾಗ ಅವರು ನಮ್ಮ ಕಡೆ ನೋಡುವುದೇ ಇಲ್ಲ. ಪಾತ್ರಕ್ಕೆ ತನ್ನ ಸಂಕಟ ನಿಜವಾದದ್ದು, ಅದನ್ನು ಪೂರ್ತಿ ನಂಬಿ ಒದ್ದಾಡುತ್ತಾರೆ. ‘ಉದ್ಭವ’ದಲ್ಲಿ (1990) ಇದರ ಪೂರಾ ರುಚಿ ಸಿಗುತ್ತದೆ. ಬಿ.ವಿ. ವೈಕುಂಠರಾಜು ಅವರ ಕಾದಂಬರಿ, ಕೂಡ್ಲು ರಾಮಕೃಷ್ಣ ಅವರ ನಿರ್ದೇಶನ. ರಸ್ತೆ ಅಗಲ ಮಾಡಲು ಹೊರಟ ಜಾಗದಲ್ಲಿ ಗಣಪತಿ ‘ಉದ್ಭವ’ವಾಗುವ ಕಥೆ. ಭಕ್ತಿ, ರಾಜಕೀಯ, ಜಾಗದ ಆಸೆ ಮೂರೂ ಒಂದೇ ಮೂರ್ತಿಗೆ ಕೈ ಮುಗಿಯುವ ಪರಿಯನ್ನು ಸಾಹಿತ್ಯ ಮತ್ತು ಹಾಸ್ಯ ಇಷ್ಟು ಚೆನ್ನಾಗಿ ಕೂಡಿ ತೋರಿಸಿದ ಕನ್ನಡ ಚಿತ್ರ ಕಡಿಮೆ. ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂಬ ಕೊರಗು ನನಗಿದೆ.

ಪೂರ್ಣಚಂದ್ರ ತೇಜಸ್ವಿಯವರ ಕಥೆಗಳಿಗೆ ಬಂದಾಗ ನಾನು ಇನ್ನೂ ಬಿಗಿಯಾದ ಪ್ರೇಕ್ಷಕ. ‘ತಬರನ ಕಥೆ’ಯನ್ನು ಎಲ್ಲರೂ ನೋವಿನ ಚಿತ್ರವಾಗಿ ನೆನೆಯುತ್ತಾರೆ, ಅದು ಸರಿಯೇ. ಪಿಂಚಣಿಗಾಗಿ ಅಲೆಯುವ ತಬರನನ್ನು ಚಾರುಹಾಸನ್ ಮರೆಯದಂತೆ ಮಾಡಿದ್ದಾರೆ. ಆದರೆ ಆ ಕಚೇರಿಯ ದೃಶ್ಯಗಳಲ್ಲಿ ಒಂದು ನಗೆ ಮೊದಲು ಬರುತ್ತದೆ. ಅದು ಬಂದದ್ದರಿಂದಲೇ ಮುಂದಿನದು ಎದೆಗೆ ನಾಟುತ್ತದೆ. ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ (2016) ಬೇರೆ ದಾರಿ ಹಿಡಿಯಿತು. ಹೆಂಗಸರ ಬಾಯಿಗೆ ಕಡಿವಾಣ ಹಾಕದೆ, ಅವರನ್ನು ಹಾಸ್ಯದ ವಸ್ತುವಾಗಿಸದೆ, ಹಾಸ್ಯದ ಒಡತಿಯರನ್ನಾಗಿ ಮಾಡಿತು. ಹಳಿಯಾಳದ ಸಂತೆಯಲ್ಲಿ ಚೌಕಾಸಿ ಮಾಡುವ ಹೆಂಗಸರನ್ನು ಕಂಡವರಿಗೆ ಈ ಚಿತ್ರದ ದಾನಮ್ಮ ಹೊಸಬಳಲ್ಲ.

ಇನ್ನು ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ (2023). ತೇಜಸ್ವಿಯವರ ಓದುಗರೇ ಹಣ ಹೂಡಿ ಮಾಡಿಸಿದ ಚಿತ್ರ. ಚಿಕ್ಕ ಕಥೆಯನ್ನು ಇಡೀ ಚಿತ್ರಕ್ಕೆ ಎಳೆದರೆ ತೆಳುವಾಗುತ್ತದೆಂಬ ಅಂಜಿಕೆ ನನಗಿತ್ತು. ಆಗಲಿಲ್ಲ. ತರಗತಿಗೆ ಬಂದ ಒಬ್ಬನೇ ಮುಸ್ಲಿಂ ಹುಡುಗನ ಬಗ್ಗೆ ಉಳಿದ ಹುಡುಗರಿಗೆ ಹುಟ್ಟುವ ಊಹೆ, ಅಂಜಿಕೆ, ಪೈಪೋಟಿ ಎಲ್ಲವೂ ನಗುವಾಗಿಯೇ ಕರಗುತ್ತವೆ. ಉಪದೇಶದ ಭಾಷಣವೊಂದು ಬೇಕಾಗಲೇ ಇಲ್ಲ.

ಜೋಯಿಡಾ ತಾಲೂಕಿನವರೊಂದಿಗೆ ಕೂತು ‘ದ್ವೀಪ’ (2002) ನೋಡುವುದು ಬೇರೆಯೇ ಅನುಭವ. ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಎಂಬ ಊರೇ ನೀರಿನಡಿ ಹೋದ ಸೀಮೆಯಿದು. ನಾ. ಡಿಸೋಜ ಬರೆದದ್ದು ಶರಾವತಿಯ ಮುಳುಗಡೆಯ ಬಗ್ಗೆ, ಆದರೆ ಇಲ್ಲಿಯ ಹಿರಿಯರಿಗೆ ನದಿಯ ಹೆಸರೊಂದೇ ಬೇರೆ. ಆ ಚಿತ್ರದಲ್ಲಿ ನಗುವಿಗೇನು ಕೆಲಸ ಎಂದು ಕೇಳಬಹುದು. ಬಹಳ ಕೆಲಸವಿದೆ. ಕೃಷ್ಣ ಎಂಬವನು ಬಂದ ಮೇಲೆ ನಾಯಕಿ ನಾಗಿ ನಗತೊಡಗುತ್ತಾಳೆ. ಸುತ್ತ ನೀರು ಏರುತ್ತಿರುವಾಗ ಗಂಡನಿಗೆ ಸಹಿಸಲಾಗದ್ದು ಆ ನಗುವನ್ನು! ಸೌಂದರ್ಯಾ ಆ ನಗುವನ್ನು ಎಷ್ಟು ಹದವಾಗಿ ಬಿಟ್ಟುಕೊಟ್ಟಿದ್ದಾರೆಂದರೆ, ಅವರ ಎಲ್ಲ ಚಿತ್ರಗಳಿಗಿಂತ ನಾನು ಅದನ್ನೇ ಮೇಲಿಡುತ್ತೇನೆ.

ಒಂದು ಬಗೆಯ ಹಾಸ್ಯವನ್ನು ಮಾತ್ರ ನಾನು ಕ್ಷಮಿಸಲಾರೆ. ಮೈಬಣ್ಣವನ್ನೋ ಕೂದಲನ್ನೋ ತೋರಿಸಿ ನಗಿಸುವುದು. ಹಳಿಯಾಳ, ಮುಂಡಗೋಡ, ಜೋಯಿಡಾಗಳ ಸಿದ್ದಿ ಸಮುದಾಯದ ನಡುವೆ ಬೆಳೆದ ನಮಗೆ ಅಂಥ ದೃಶ್ಯ ಬಂದಾಗ ಪಕ್ಕದಲ್ಲಿ ಕೂತ ಗೆಳೆಯನ ಮುಖ ನೋಡಲಾಗುವುದಿಲ್ಲ. ನೀನಾಸಂನಲ್ಲಿ ಪಳಗಿದ ಪ್ರಶಾಂತ್ ಸಿದ್ದಿಯವರಂಥ ನಟರಿರುವಾಗ ಬರಹಗಾರರು ಅವರಿಗೆ ಬರೆಯಬೇಕಾದದ್ದು ಪಾತ್ರಗಳನ್ನು.

ಹಾಸ್ಯ ಜನರನ್ನು ಹೇಗೆ ಹತ್ತಿರ ತರಬಲ್ಲದು ಎನ್ನುವುದಕ್ಕೆ ಖ್ಯೆಂಟ್ಸೆ ನೋರ್ಬು ಅವರ ‘ದಿ ಕಪ್’ (1999) ಇದೆ. ಹಿಮಾಚಲದ ಮಠವೊಂದರಲ್ಲಿ ಟಿಬೆಟನ್ ಮರಿಭಿಕ್ಕುಗಳು ವಿಶ್ವಕಪ್ ಫುಟ್‌ಬಾಲ್ ನೋಡಲು ಟಿವಿ ಬಾಡಿಗೆಗೆ ತರುವ ಕಥೆ. ಮುಂಡಗೋಡದ ಟಿಬೆಟನ್ ಕ್ಯಾಂಪು 1966ರಿಂದ ಇದೆ. ಕೆಂಪು ಉಡುಪಿನ ಭಿಕ್ಕುಗಳನ್ನು ಚಿಕ್ಕಂದಿನಿಂದ ಬಸ್ಸಿನಲ್ಲಿ ಕಂಡಿದ್ದೇನೆ, ಗೌರವದಿಂದ ಸರಿದು ಜಾಗ ಕೊಟ್ಟಿದ್ದೇನೆ. ಈ ಚಿತ್ರ ನೋಡಿದ ಮೇಲೆ ಅವರೊಡನೆ ಮಾತಿಗಿಳಿಯುವ ಸಲಿಗೆ ಬಂತು.

ಇಷ್ಟೆಲ್ಲ ನೋಡಿದ ಮೇಲೂ ನನ್ನ ಮನಸ್ಸು ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ತೆರೆಗೆ ಬಂದರೆ ಹೇಗಿರಬಹುದು ಎಂಬುದರ ಸುತ್ತ ಸುತ್ತುತ್ತದೆ. ಹಾರುವ ಓತಿ ನಮಗೆ ಕಾದಂಬರಿಯ ಪ್ರಾಣಿಯಷ್ಟೇ ಅಲ್ಲ. ಜೋಯಿಡಾದ ಕಾಡಿನಲ್ಲಿ ಮರದಿಂದ ಮರಕ್ಕೆ ತೇಲುತ್ತದೆ. ಈಗಿನ ತಂತ್ರಜ್ಞಾನದಲ್ಲಿ ಅದನ್ನು ಬೆರಗಾಗುವಂತೆ ತೋರಿಸುವುದು ಸುಲಭ. ನನಗಿರುವ ಅಂಜಿಕೆ ಮಂದಣ್ಣನ ಬಗ್ಗೆ. ಜೇನು ಹುಡುಕುತ್ತ, ಒಂದು ಸರ್ಕಾರಿ ಕೆಲಸ ಸಿಕ್ಕರೆ ಮದುವೆಯಾದೀತು ಎಂದು ತವಕಿಸುವ ಮಂದಣ್ಣನ ಪೇಚಾಟವನ್ನು ಓತಿಯಷ್ಟೇ ದೊಡ್ಡದಾಗಿ ಕಾಣಬಲ್ಲ ನಿರ್ದೇಶಕ ಬೇಕು, ಮಂದಣ್ಣನ ಪಾತ್ರಕ್ಕೆ ಕಾಡನ್ನು ಬಲ್ಲ ಹುಡುಗನೊಬ್ಬ ಬೇಕು. ಅಂಥ ಹುಡುಗರು ನಮ್ಮ ಕುಳಗಿ, ಗಣೇಶಗುಡಿ ಕಡೆ ಬೇಕಾದಷ್ಟು ಜನ ಇದ್ದಾರೆ.