ಮಾಮು ಮತ್ತು ಹೆಜ್ಜಾರ್ಲೆ

ಹಕ್ಕಿ ನೋಡುವವರೆಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಬೆಟ್ಟ ಹತ್ತುವವರು ಎಂದೇ ಎಲ್ಲರ ಲೆಕ್ಕ. ನಮ್ಮ ಮಾಮು ಹಕ್ಕಿ ನೋಡುವುದು ಮನೆಯ ಜಗಲಿಯಿಂದ. ಅವರು ಪೇಂಟಿಂಗ್ ಕೆಲಸದಲ್ಲಿದ್ದರು. 6 ವರ್ಷದ ಹಿಂದೆ ಮೂರನೇ ಮಹಡಿಯ ಗೋಡೆಗೆ ಬಣ್ಣ ಹೊಡೆಯುವಾಗ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದ ಕೆಳಗೆ ಬಲವಿಲ್ಲ. ಗೆಳೆಯರೊಬ್ಬರು ತಂದುಕೊಟ್ಟ ಸಲೀಂ ಅಲಿಯವರ ಹಳೆಯ ಪುಸ್ತಕದ ಚಿತ್ರಗಳನ್ನು ನೋಡಿ ನೋಡಿಯೇ ಅವರಿಗೆ ಈ ಹುಚ್ಚು ಹಿಡಿದದ್ದು.

ಮನೆಯಲ್ಲಿ ನಾವು ಮಾತಾಡುವುದು ಉರ್ದು. ಹಾಗಾಗಿ ಚಂದ್ರಮುಕುಟ ನಮಗೆ ಹುದ್‌ಹುದ್. ಹಜ್ರತ್ ಸುಲೈಮಾನರಿಗೆ ಸುದ್ದಿ ತಂದ ಹಕ್ಕಿ ಎಂದು ಅಮ್ಮಿ ಅದಕ್ಕೆ ವಿಶೇಷ ಮರ್ಯಾದೆ ಕೊಡುತ್ತಾರೆ. ಹೆಜ್ಜಾರ್ಲೆಗೆ ಮಾತ್ರ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ.

ಹೋದ ವರ್ಷ ಒಂದು ಕೆರೆಯ ಪಕ್ಷಿಧಾಮಕ್ಕೆ ಹೋಗಿದ್ದೆವು. ಹೆಸರು ಬೇಡ. ಅಲ್ಲಿ ನೀರು ಕಾಣುವುದೇ ಗೋಪುರದ ಮೇಲಿಂದ, ಗೋಪುರಕ್ಕೆ 36 ಮೆಟ್ಟಿಲು. ಕಾವಲಿನವರು ಒಳ್ಳೆಯವರು, "ನಾಲ್ಕು ಜನ ಸೇರಿ ಎತ್ಕೊಂಡು ಹೋಗೋಣ" ಎಂದರು. ಮಾಮು, "ಮೈ ಕ್ಯಾ ಬೋರಾ ಹೂಂ?" ಎಂದು ನಕ್ಕರು. ನಾನೇನು ಮೂಟೆಯಾ ಎಂದು. ನಮ್ಮನ್ನು ಮೇಲೆ ಕಳಿಸಿ ತಾವು ಕೆಳಗೆ ಉಳಿದರು. ಮೇಲಿಂದ ನಾನು ಹಕ್ಕಿಗಿಂತ ಹೆಚ್ಚು ನೋಡಿದ್ದು ಮರದಡಿ ಒಂಟಿಯಾಗಿ ಕೂತಿದ್ದ ಅವರ ಟೋಪಿಯನ್ನು. ಆಮೇಲೆ ತಿಂಗಳುಗಟ್ಟಲೆ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಬರಲಿಲ್ಲ.

ಈ ಫೆಬ್ರವರಿಯಲ್ಲಿ ಕೊಕ್ಕರೆಬೆಳ್ಳೂರಿಗೆ ಒಪ್ಪಿಸಿದೆವು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸುಮಾರು 12 ಕಿ.ಮೀ. ಚನ್ನಪಟ್ಟಣದಿಂದ ಪರಿಚಯದ ಆಟೋ, ಹಿಂದೆ ಹಗ್ಗ ಬಿಗಿದ ವ್ಹೀಲ್‌ಚೇರ್. ಟಾಯ್ಲೆಟ್ ಹೇಗಿರುತ್ತದೋ ಎಂದು ಮಾಮು ಬೆಳಗಿನಿಂದ ಎರಡು ಗುಟುಕು ನೀರಷ್ಟೇ ಕುಡಿದಿದ್ದರು. ನಡೆಯುವವರಿಗೆ ಈ ಲೆಕ್ಕ ಹೊಳೆಯುವುದೇ ಇಲ್ಲ.

ಅಲ್ಲಿ ಗೋಪುರ ಬೇಕಿಲ್ಲ. ಹಕ್ಕಿಗಳು ಊರೊಳಗೇ, ಮನೆಗಳ ಪಕ್ಕದ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಬೀದಿಯಲ್ಲಿ ಕುರ್ಚಿ ನಿಲ್ಲಿಸಿ ಕತ್ತೆತ್ತಿದರೆ ಸಾಕು. ಬಣ್ಣದ ಕೊಕ್ಕರೆಗಳು ಕೊಕ್ಕು ತಟ್ಟಿ ಪಟಪಟ ಸದ್ದು ಮಾಡುತ್ತಿದ್ದವು. ಹೆಜ್ಜಾರ್ಲೆಯ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಇಡೀ ತಲೆ ತೂರಿಸಿ ಮೀನು ತಿನ್ನುತ್ತಿತ್ತು. ಮಾಮು ಮಾತೇ ಆಡಲಿಲ್ಲ. ಹಿಕ್ಕೆ ಅವರ ಭುಜದ ಮೇಲೆ ಬಿದ್ದಾಗಲೂ ಒರೆಸಿಕೊಳ್ಳಲಿಲ್ಲ.

ಜಗಲಿಯ ಮೇಲಿದ್ದ ಅಜ್ಜಿಯೊಬ್ಬರು, "ಹೆಣ್ಮಕ್ಳು ಬಾಣಂತನಕ್ಕೆ ತೌರಿಗೆ ಬಂದಂಗೆ ಬತ್ತವೆ ಸಾಬ್ರೆ" ಎಂದರು. ನಿಂತವರೆಲ್ಲರನ್ನೂ ಬಿಟ್ಟು ಮಾಮು ಜೊತೆ ಮಾತಾಡಿದರು, ಇಬ್ಬರೂ ಕೂತವರಲ್ಲವೇ! ಬಂದ ಕೆಲಸ ಏನು, ಎಷ್ಟು ದಿನ ಇರುತ್ತೀರಿ ಎಂದೆಲ್ಲ ಕೇಳಿದರು, ಕಾಲಿಗೆ ಏನಾಯಿತು ಎಂದು ಮಾತ್ರ ಕೇಳಲಿಲ್ಲ. ಮಧ್ಯಾಹ್ನ ಮಾಮು ಅದೇ ಮರದ ನೆರಳಲ್ಲಿ, ಕುರ್ಚಿಯಲ್ಲೇ ಜೊಹರ್ ನಮಾಜ್ ಮಾಡಿದರು.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಇನ್ನೊಂದು ವಿಷಯ ತಲೆಗೆ ಹತ್ತಿತು. ಗೂಡಿರುವ ಮರದ ಹುಣಸೆ ಫಸಲು ಮಾಲೀಕರ ಕೈಗೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದರು. ಆದರೆ ಅದಕ್ಕಿಂತ ಎಷ್ಟೋ ಮೊದಲಿನಿಂದ ಊರವರು ಆ ಮರಗಳನ್ನು ಕಡಿಯದೆ ಉಳಿಸಿಕೊಂಡಿದ್ದಾರೆ. ಅವಕಾಶ ವೆಚ್ಚ ಎಂದು ನಾವು ಪರೀಕ್ಷೆಗೆ ಬಾಯಿಪಾಠ ಮಾಡುವುದು ಇದನ್ನೇ ತಾನೆ?

ಹೊರಡುವ ಹೊತ್ತಿಗೆ ಮಾಮು ಒಂದೇ ಮರದಲ್ಲಿ 23 ಗೂಡು ಎಣಿಸಿದ್ದರು. ನಾನು 19 ಎಂದೆ. ಈ ಜಗಳ ಇನ್ನೂ ಮುಗಿದಿಲ್ಲ. ಮುಂದಿನ ಜನವರಿಗೆ ಆಟೋದವರಿಗೆ ಮಾಮು ಆಗಲೇ 50 ರೂಪಾಯಿ ಅಡ್ವಾನ್ಸ್ ಕೊಟ್ಟಾಗಿದೆ. ಆಟೋ ಹತ್ತಿಸುವಾಗ ಮಾತ್ರ ಈಗಲೂ ಅಬ್ಬಾ ಅವರನ್ನು ಎತ್ತಲೇಬೇಕು. ಕುರ್ಚಿಯಿಂದ ಆಟೋ ಸೀಟಿಗೆ ಜಾರಿಕೊಂಡು ಹೋಗಲು ಗಟ್ಟಿಯಾದ, ನುಣುಪಾದ ಹಲಗೆ ಮಾಡಿಕೊಡುವ ಬಡಗಿ ಯಾರಿಗಾದರೂ ಗೊತ್ತಿದ್ದರೆ ವಾಣಿಜ್ಯ ವಿಭಾಗಕ್ಕೆ ಬಂದು ನನಗೆ ತಿಳಿಸಿ.