ಅಜ್ಜಿ ದಪ್ಪಗಿರಲಿಲ್ಲ

ಹಲಸೂರಿನ ನಮ್ಮ ಮನೆಗೆ ಹೊಸ ಟಿವಿ ಬಂದ ದಿನ, ಮಗಳ ಮದುವೆಯ ಹಳೆಯ ವಿಡಿಯೊ ಹಾಕಿದೆವು. ಮೊಮ್ಮಗಳು ತನ್ನ ಅಜ್ಜಿಯನ್ನು ಕಂಡವಳಲ್ಲ. “ತಾತಾ, ಅಜ್ಜಿ ಇಷ್ಟು ದಪ್ಪ ಇದ್ರಾ?” ಎಂದಳು. ನನಗೆ ಕಸಿವಿಸಿ. ನನ್ನವಳು ಕಡ್ಡಿಯ ಹಾಗಿದ್ದವಳು!

ಹಳೆಯ ಟಿವಿಯ ಪರದೆಯಲ್ಲಿ ಅಗಲ 4 ಪಾಲಾದರೆ ಎತ್ತರ 3. ಈಗ 16ಕ್ಕೆ 9. ಇದೇ ಆಸ್ಪೆಕ್ಟ್ ರೇಶಿಯೊ. ಹಳೆಯ ಚಿತ್ರವನ್ನು ಹೊಸ ಪರದೆಯ ತುಂಬ ಎಳೆದರೆ ಪ್ರತಿಯೊಬ್ಬರೂ ಮೂರನೇ ಒಂದು ಭಾಗ ಹೆಚ್ಚು ಅಗಲ. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಚಿತ್ರ ಮಸುಕೂ ಇತ್ತು. ಹೊಸ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಪಿಕ್ಸೆಲ್ ಎಂಬ ಚುಕ್ಕಿಗಳು, ಒಟ್ಟು 20,73,600. ಹಳೆಯ ಟೇಪಿನಲ್ಲಿ ಅಷ್ಟು ವಿವರ ಎಲ್ಲಿಂದ ಬರಬೇಕು?

ಸೆಟ್ಟಿಂಗ್ಸ್‌ನಲ್ಲಿ 4:3 ಆರಿಸಿದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂತು, ನಡುವೆ ಅವಳು ಮೊದಲಿನಂತಾದಳು. ಮೊಮ್ಮಗಳು ಹತ್ತಿರ ಹೋಗಿ ನೋಡಿ, “ಈ ಮೂಗುತಿ ಅಮ್ಮಂದು!” ಎಂದಳು.